ದಣಪೆ ಇಲ್ಲದ ಬೇಲಿ

ನದಿ ಸಮುದ್ರ ಸೇರುವಲ್ಲಿ ಒಂದು ಹೊಯ್ಗೆ ದಿಬ್ಬ; ಮರಳನ್ನು ಅಲ್ಲಿ ಹೊಯ್ಗೆ ಅನ್ನುತ್ತಾರೆ. ದಿಬ್ಬದ ಮೇಲೆ ನಾಲ್ಕು ಗುಡಿಸಲು. ಅದನ್ನೇ ಆಶ್ರಮ ಅನ್ನುತ್ತಿದ್ದರು.

ಅಲ್ಲಿದ್ದ ಮುದಿ ಗುರುವಿಗೂ ಹೆಸರೊಂದು ಇದ್ದಿರಬೇಕು. ಸುತ್ತಲಿನ ಮೀನುಗಾರರು ಅದನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಹೊಯ್ಗೆ ಮೇಲೆ ಕೂತಿರುತ್ತಾರೆ, ಹಾಗಾಗಿ ಹೊಯ್ಗೆಯಜ್ಜ. ಮುಗಿಯಿತು.

ಅವರ ಶಿಷ್ಯ ವಿಠೋಬ. ಘಟ್ಟದ ಮೇಲಿನಿಂದ ಬಂದವನು. ಬಂದು ಏಳು ವರ್ಷವಾಗಿತ್ತು. ಏಳು ವರ್ಷವೂ ನೀರು ಹೊತ್ತ, ಅಂಗಳ ಗುಡಿಸಿದ, ಗಂಜಿ ಬೇಯಿಸಿದ. ಅವನಿಗೆ ಬೇಕಾಗಿದ್ದು ಒಂದೇ ಒಂದು: ಗುರುಗಳು ಕಿವಿಯಲ್ಲಿ ಹೇಳಿಕೊಡುವ ಮಂತ್ರ.

ಮಂತ್ರ ಸುಮ್ಮನೆ ಸಿಗುವುದಿಲ್ಲ. ಅದಕ್ಕೆ ಮೊದಲು ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಮೌನವಿರಬೇಕು. ಕೈ ಆಡಿಸಬಹುದು, ತಲೆ ಆಡಿಸಬಹುದು. ನಾಲಿಗೆ ಮಾತ್ರ ಆಡಬಾರದು.

ಕೇಳಲಿಕ್ಕೆ ಸಲೀಸು. ಕೂತವನಿಗೇ ಗೊತ್ತು ಅದರ ಕಷ್ಟ.

ವಿಠೋಬ ಮೊದಲ ಸಲ ಕೂತಾಗ ಹನ್ನೊಂದನೆಯ ದಿನ ಒಬ್ಬಳು ಮೀನು ಮಾರುವ ಹೆಂಗಸು ದಾರಿಯಲ್ಲಿ ಹೋಗುತ್ತ, "ಊಟ ಆಯ್ತಾ ಸ್ವಾಮಿ?" ಎಂದಳು.

"ಆಯ್ತು," ಎಂದುಬಿಟ್ಟ.

ಅಂದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಎರಡನೆಯ ಸಲ ಇಪ್ಪತ್ಮೂರು ದಿನ ದಾಟಿದ. ಆದರೆ ಈ ಸಲ ಮೀನಿನ ಹೆಂಗಸರ ಬೇರೆ ಕಾಟವೊಂದು ಕಣ್ಣಿಗೆ ಬಿತ್ತು. ಮೀನು ಮಾರಿ ಖಾಲಿ ಬುಟ್ಟಿ ಹೊತ್ತು ಮಧ್ಯಾಹ್ನ ಆ ದಾರಿಯಲ್ಲೇ ಊರಿಗೆ ಮರಳುತ್ತಿದ್ದರು. ದಾರಿ ಉದ್ದಕ್ಕೂ ತಗ್ಗಿನಲ್ಲಿ, ಕೇದಗೆ ಪೊದೆಗಳ ನಡುವೆ ಹೋಗುತ್ತದೆ. ವಿಠೋಬನ ಗುಡಿಸಲ ಹತ್ತಿರ ಮಾತ್ರ ನಲವತ್ತು ಹೆಜ್ಜೆ ದಿಬ್ಬದ ಮೇಲೆ ಹತ್ತಿ ಮತ್ತೆ ಇಳಿಯುತ್ತದೆ. ಸರಿಯಾಗಿ ಅಲ್ಲಿಗೆ ಬಂದದ್ದೇ ಎಲ್ಲರೂ ನಿಲ್ಲುತ್ತಿದ್ದರು. ಹಣೆಗೆ ಕೈ ಹಚ್ಚಿ ಅವನ ಕಡೆಗೆ ನೋಡುತ್ತಿದ್ದರು.

ವಿಠೋಬ ಸಮುದ್ರಕ್ಕೆ ಬೆನ್ನು ಹಾಕಿ, ದಾರಿಗೆ ಮುಖ ಮಾಡಿ ಕೂರುತ್ತಿದ್ದ. ಅಲೆ ನೋಡುತ್ತ ಕೂತರೆ ಮನಸ್ಸು ನಿಲ್ಲುವುದಿಲ್ಲ ಎಂಬುದು ಅವನ ಲೆಕ್ಕ. ಈಗ ಕಣ್ಣು ತೆರೆದರೆ ಎದುರಿಗೆ ಹತ್ತು ಹನ್ನೆರಡು ಹೆಂಗಸರು. ಇಪ್ಪತ್ಮೂರನೆಯ ದಿನ ತಡೆಯಲಾಗಲಿಲ್ಲ.

"ಏನು ನೋಡ್ತೀರಿ? ಮನುಷ್ಯನನ್ನು ಕಂಡಿಲ್ಲವಾ ನೀವು?"

ಹೆಂಗಸರು ತಲೆ ತಗ್ಗಿಸಿ ಹೋದರು. ಮೌನವೂ ಅವರ ಜೊತೆಯಲ್ಲೇ ಹೋಯಿತು.

ಗುರುಗಳು ಬೈಯಲಿಲ್ಲ. "ಇನ್ನೊಂದು ಸಲ ಕೂತು ನೋಡು," ಎಂದರು. "ಮೂರನೆಯದೇ ಕೊನೆಯದು. ಆಮೇಲೆ ಮಂತ್ರ ಕೇಳಬಾರದು. ಇರುವುದಾದರೆ ಇರು, ಗಂಜಿಗೆ ಕೊರತೆಯಿಲ್ಲ."

ವಿಠೋಬ ಏಳು ವರ್ಷ ಕಾದದ್ದು ಗಂಜಿಗಲ್ಲ.

ಮೂರು ದಿನ ಯೋಚನೆ ಮಾಡಿ ಗುರುಗಳ ಮುಂದೆ ಬಂದು ನಿಂತ.

"ಗುರುಗಳೇ, ನನ್ನ ಗುಡಿಸಲಿಗೂ ದಾರಿಗೂ ನಡುವೆ ಒಂದು ಬೇಲಿ ಹಾಕಿಕೊಳ್ಳಲಾ?"

"ಎಂಥ ಬೇಲಿ?"

"ಮರದ್ದು. ಆಳೆತ್ತರಕ್ಕಿಂತ ಹೆಚ್ಚು. ಆಚೆಯವರಿಗೆ ಈಚೆ ಕಾಣಬಾರದು."

"ಯಾರು ನೋಡ್ತಾರೆ?"

"ಆ ಹೆಂಗಸರು. ದಿನಾ ನಿಂತು ನೋಡ್ತಾರೆ."

"ನಿನ್ನನ್ನಾ?"

"ಅಲ್ಲಿ ನಾನಲ್ಲದೆ ಇನ್ಯಾರಿದ್ದಾರೆ ಗುರುಗಳೇ?"

ಗುರುಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು.

"ಹಾಕು," ಎಂದರು.

ವಿಠೋಬ ಕೈಕೆಲಸ ಬಲ್ಲವನೇ. ಘಟ್ಟದ ಮೇಲೆ ಅಪ್ಪನ ಜೊತೆ ಎಷ್ಟೋ ಬೇಲಿ ಹಾಕಿದ್ದ. ಹಲಗೆಗೆ ಹಲಗೆ ಒತ್ತಿ, ಸೂಜಿ ತೂರದ ಹಾಗೆ ಕೂರಿಸಿದ. ಕಬ್ಬಿಣದ ಮೊಳೆ ಹೊಡೆದ. ಹೊಳೆ ದಂಡೆಯಿಂದ ಹಿಡಿದು ಅಡುಗೆಮನೆ ಗೋಡೆಯವರೆಗೆ ಒಂದೇ ಸಮ ಬೇಲಿ ಎದ್ದು ನಿಂತಿತು. ಅದನ್ನು ನೋಡಿ ಅವನಿಗೇ ಹೆಮ್ಮೆಯಾಯಿತು.

ಗುರುಗಳು ಬಂದು ಹಲಗೆಯ ಮೇಲೆ ಅಂಗೈ ಇಟ್ಟರು.

"ಗಾಳಿ ಎಲ್ಲಿಂದ ಹೋಗ್ತದೆ?"

"ಗಾಳಿಗೇನು, ಮೇಲಿಂದ ಹೋಗಲಿ."

ಐದನೆಯ ದಿನ ಪಡುವಣ ಗಾಳಿ ಎದ್ದಿತು. ಅಂಥ ದೊಡ್ಡ ಗಾಳಿಯೇನಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬೇಲಿ ಅಷ್ಟುದ್ದಕ್ಕೂ ದಾರಿಗೆ ಅಡ್ಡ ಮಲಗಿತ್ತು. ಹೆಂಗಸರು ಅದರ ಮೇಲೆಯೇ ಕಾಲಿಟ್ಟು ಹೋದರು, ಹೋಗುವ ಮೊದಲು ಎಂದಿನಂತೆ ನಿಂತು ನೋಡಿಯೂ ನೋಡಿದರು.

"ಯಾಕೆ ಬಿತ್ತು ಗುರುಗಳೇ?"

ಗುರುಗಳು ತಮ್ಮ ಹೆಗಲ ಮೇಲಿನ ಪಂಚೆ ತೆಗೆದು ಕೊಟ್ಟರು. "ಎರಡೂ ಕೈಯಲ್ಲಿ ಅಗಲಿಸಿ ಹಿಡಿ. ಸಮುದ್ರದ ಕಡೆ ತಿರುಗು."

ಹಿಡಿದ. ಗಾಳಿ ತುಂಬಿ ಪಂಚೆ ಉಬ್ಬಿತು. ನಾಲ್ಕು ಹೆಜ್ಜೆ ಹಿಂದಕ್ಕೆ ಓಡಿ ವಿಠೋಬ ಹೊಯ್ಗೆಯಲ್ಲಿ ಕುಕ್ಕರಿಸಿ ಬಿದ್ದ.

ಪೊದೆಯ ಮೇಲೆ ಯಾರೋ ಒಣಗಲು ಹಾಕಿದ್ದ ಹಳೇ ಬಲೆಯನ್ನು ಗುರುಗಳು ತೋರಿಸಿದರು. "ಈಗ ಅದನ್ನು ಹಿಡಿ."

ಹಿಡಿದ. ಬಲೆ ಸ್ವಲ್ಪ ನಡುಗಿತು. ಅವನು ನಿಂತಲ್ಲೇ ನಿಂತಿದ್ದ.

"ಏನು ತಿಳೀತು?"

"ಬೇಲಿಗೆ ಸಂದಿ ಬೇಕು."

"ಸಂದಿ ಬಿಟ್ಟರೆ ಆಚೆಯವರಿಗೆ ಕಾಣ್ತದಲ್ಲ?"

"ಕಾಣ್ತದೆ."

"ಹಾಗಾದರೆ?"

"ಗೊತ್ತಿಲ್ಲ ಗುರುಗಳೇ."

"ನನಗೂ ಗೊತ್ತಿಲ್ಲ," ಎಂದರು ಗುರುಗಳು. "ದೋಣಿ ಕಟ್ಟುವ ಕೊಗ್ಗ ಆಚಾರಿಯನ್ನು ಕೇಳು. ಗೊತ್ತಿರುವವರನ್ನು ಕೇಳಲಿಕ್ಕೆ ಮಂತ್ರ ಬೇಡ."

ಕೊಗ್ಗ ಆಚಾರಿ ಬಂದ. ಬಿದ್ದ ಬೇಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಒಂದು ಮೊಳೆ ಕಿತ್ತು ಬೆರಳಲ್ಲಿ ಉಜ್ಜಿದ. ಬೆರಳು ಕೆಂಪಾಯಿತು.

"ಇದು ಘಟ್ಟದ ಮೇಲಿನ ಬೇಲಿ ಸ್ವಾಮಿ. ಇಲ್ಲಿ ನಿಲ್ಲೂದಿಲ್ಲ. ಈ ಉಪ್ಪುಗಾಳಿ ಉಂಟಲ್ಲ, ಅದು ಕಬ್ಬಿಣವನ್ನು ಹಪ್ಪಳದ ಹಾಗೆ ತಿಂತದೆ. ಸಮುದ್ರದ ಬದಿಯಲ್ಲಿ ಬೇಲಿ ಅಂದ್ರೆ ನೆಲದ ಮೇಲೆ ನಿಂತ ದೋಣಿ. ದೋಣಿ ಮಾಡಿದ ಹಾಗೇ ಮಾಡ್ಬೇಕು."

"ಹೇಗೆ ಹೇಳಿ. ನಾನೇ ಮಾಡ್ತೇನೆ."

"ನೀವು ಮಾಡಿ. ನಾನು ಬೈತೇನೆ," ಎಂದ ಕೊಗ್ಗ ಆಚಾರಿ.

ಹಾಗೆ ಒಂದು ತಿಂಗಳು ಕೆಲಸ ನಡೆಯಿತು. ಹೆಬ್ಬಲಸಿನ ಹಲಗೆ ಬಂತು. ಹುಗಿಯುವ ಕಂಬಗಳ ಬುಡವನ್ನು ಆಚಾರಿ ಬೆಂಕಿಯಲ್ಲಿಟ್ಟು ಕರಕಲು ಮಾಡಿಸಿದ.

"ಒಳ್ಳೆ ಮರವನ್ನು ಯಾಕೆ ಸುಡೋದು?" ವಿಠೋಬ ಕೇಳಿದ.

"ಮೊದಲೇ ಒಂಚೂರು ಸುಟ್ರೆ ಒರಲೆ ಹುಳಕ್ಕೆ ಅದರ ಮೇಲಿನ ಆಸೆ ಹೋಗ್ತದೆ."

ಹಲಗೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಬೇಕಿತ್ತು. ದೋಣಿಗೂ ಅದೇ ಬಳಿಯುತ್ತಾರೆ. ಕೈಗೆ ತಾಗಿದರೆ ಚರ್ಮ ಸುಟ್ಟು ಸುಲಿಯುತ್ತದೆ. ಬಟ್ಟೆ ಸುತ್ತಿಕೊಳ್ಳಿ ಎಂದು ಆಚಾರಿ ಹೇಳಿದ. ವಿಠೋಬ ಕೇಳಲಿಲ್ಲ. ವಾರವಿಡೀ ಬೆರಳು ಮಡಚಲಾಗದೆ ಗುರುಗಳ ಕೈಯಿಂದಲೇ ಗಂಜಿ ಕುಡಿದ.

ಸಂದಿಯ ಒಗಟನ್ನೂ ಆಚಾರಿ ಬಿಡಿಸಿದ. ಅಡ್ಡಪಟ್ಟಿಯ ಈಚೆಗೊಂದು ಹಲಗೆ, ಆಚೆಗೊಂದು ಹಲಗೆ. ಈಚಿನ ಎರಡು ಹಲಗೆಗಳ ನಡುವೆ ಸಂದಿ. ಆ ಸಂದಿಗೆ ಎದುರಾಗಿ ಆಚಿನ ಹಲಗೆ, ಅಂಚು ಎರಡು ಬೆರಳು ಮೀರಿ.

"ಗಾಳಿ ಸುತ್ತಿ ಬಳಸಿ ಹೋಗ್ತದೆ," ಎಂದ ಆಚಾರಿ. "ಕಣ್ಣಿಗೆ ಹಾಗೆ ಹೋಗ್ಲಿಕ್ಕೆ ಬರೂದಿಲ್ಲ."

ವಿಠೋಬನಿಗೆ ಇದು ಎಷ್ಟು ಇಷ್ಟವಾಯಿತೆಂದರೆ, ಎರಡು ಸಲ ಆಚೆ ಈಚೆ ಓಡಾಡಿ ನೋಡಿದ. ಮುಖಕ್ಕೆ ಗಾಳಿ ತಾಗುತ್ತದೆ, ಏನೂ ಕಾಣುವುದಿಲ್ಲ.

ಮೊಳೆಯ ಬದಲು ಮರದ ಗೂಟ ಹಾಕಿದರು. ಒಳಗಿನಿಂದ ಎರಡು ಪೆಟ್ಟು ಕೊಟ್ಟರೆ ಗೂಟ ಹೊರಬೀಳುವ ಹಾಗೆ. ಬಿಗಿಯಾಗಿ ಜಡಿದುಬಿಡೋಣ ಎಂದ ವಿಠೋಬ.

"ಹಾಗೆ ಮಾಡ್ಬೇಡಿ. ಸಮುದ್ರದ ಹತ್ತಿರ ಎಂತ ಮಾಡಿದ್ರೂ ಬಿಚ್ಚಲಿಕ್ಕೆ ಬರಬೇಕು. ಇವತ್ತಲ್ಲ ನಾಳೆ ಒಂದು ಹಲಗೆ ಬದಲಿಸ್ಲಿಕ್ಕುಂಟು."

ಕೊನೆಗೆ ಆಚಾರಿ ಬೇಲಿಯ ಉದ್ದಕ್ಕೆ ಕಣ್ಣು ಹಾಯಿಸಿ ಕೇಳಿದ: "ದಣಪೆ ಎಲ್ಲಿಡೂದು?"

ದಣಪೆ ಅಂದರೆ ಬೇಲಿಯಲ್ಲಿ ಜನ ದಾಟಲು ಬಿಡುವ ಬಾಗಿಲು. ಆ ಸೀಮೆಯಲ್ಲಿ ದಣಪೆ ಇಲ್ಲದ ಬೇಲಿ ಯಾರೂ ಹಾಕುವುದಿಲ್ಲ.

"ದಣಪೆ ಬೇಡ," ಎಂದ ವಿಠೋಬ.

"ಬೇಡ್ವಾ?"

"ಬೇಡ. ನಾನು ಆಚೆ ಹೋಗೋದಿಲ್ಲ. ಆಚೆಯವರು ಈಚೆ ಬರೋದೂ ಬೇಡ."

"ಆಚೆಯವರನ್ನು ಒಂದು ಮಾತು ಕೇಳಿದ್ರಾ?"

"ಆಚೆ ಯಾರಿದ್ದಾರೆ? ಬರೀ ದಾರಿ."

ಕೊಗ್ಗ ಆಚಾರಿ ದಾರಿಯ ಕಡೆಗೊಮ್ಮೆ ನೋಡಿದ. ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ವಿಠೋಬ ಕೇಳಿಕೊಂಡನೆಂದು ಗೂಟ ಹೊಡೆಯುವ ಕೊಡತಿಯನ್ನು ಮಾತ್ರ ಬಿಟ್ಟುಹೋದ.

ಗುರುಗಳು ಬಂದು ನೋಡಿದರು. ಅಂಗೈ ಇಟ್ಟರು. ಬೇಲಿಯ ಮೂಲಕ ಬಂದ ಗಾಳಿ ಅವರ ಗಡ್ಡವನ್ನು ಅಲುಗಿಸಿತು.

"ಒಳ್ಳೆ ಕೆಲಸ. ಆಚೆ ನಿಂತು ನೋಡಿದೆಯಾ?"

"ನೋಡಿದೆ. ಒಳಗಿನದ್ದು ಏನೇನೂ ಕಾಣೋದಿಲ್ಲ."

"ಏನೂ?"

"ಏನೂ ಇಲ್ಲ ಗುರುಗಳೇ."

"ಹೂಂ," ಎಂದರು ಗುರುಗಳು. ಅಷ್ಟು ಹೇಳಿ ಒಳಗೆ ಹೋದರು.

ಮಾರನೆಯ ದಿನ ವಿಠೋಬ ಮೂರನೆಯ ಸಲ ಮೌನಕ್ಕೆ ಕೂತ.

ಬೇಲಿ ನಿಂತಿತು. ಎರಡು ಸಲ ಜೋರು ಗಾಳಿ ಬಂದು ಹೋಯಿತು, ಅಲುಗಲಿಲ್ಲ. ಹತ್ತು ದಿನ ಕಳೆಯಿತು, ಇಪ್ಪತ್ತು ಕಳೆಯಿತು. ಊಟ ಆಯ್ತಾ ಎಂದು ಯಾರೂ ಕೇಳಲಿಲ್ಲ. ಯಾರ ಮುಖವೂ ಕಾಣಲಿಲ್ಲ. ಬೇಲಿ ಹಾಕಿದ್ದು ಎಷ್ಟು ಒಳ್ಳೆಯದಾಯಿತು ಎಂದು ವಿಠೋಬ ಮನಸ್ಸಿನಲ್ಲೇ ಹಿಗ್ಗಿದ.

ಆಮೇಲೆ ಒಂದು ವಿಷಯ ಅವನ ತಲೆಗೆ ಹುಳ ಬಿಟ್ಟಿತು.

ಮಧ್ಯಾಹ್ನ ಹೆಂಗಸರ ಹೆಜ್ಜೆ ಸಪ್ಪಳ ಕೇಳುತ್ತಿತ್ತಲ್ಲ, ಅದು ಬೇಲಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಎಂದಿನಂತೆ, ಅದೇ ಜಾಗದಲ್ಲಿ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೆಜ್ಜೆ ಮುಂದಕ್ಕೆ.

ಕಾಣುವುದಿಲ್ಲವಲ್ಲ! ಮತ್ತೆ ಯಾಕೆ ನಿಲ್ಲುತ್ತಾರೆ?

ಮರುದಿನ ಕಿವಿಗೊಟ್ಟು ಕಾದ. ನಿಂತರು. ಅದರ ಮರುದಿನ ಎದ್ದು ಬೇಲಿಗೆ ಕಿವಿ ಹಚ್ಚಿದ. ಯಾರೋ ಸಂದಿಯಲ್ಲಿ ಬೆರಳು ತೂರಿಸಿ ನೋಡಿದ ಸದ್ದು. ಒಂದು ನಿಟ್ಟುಸಿರು. ಮತ್ತೆ ಹೆಜ್ಜೆ.

ಧ್ಯಾನಕ್ಕೆ ಕೂತರೆ ಅದೇ ಯೋಚನೆ. ನನ್ನನ್ನು ನೋಡುವ ಆಸೆ ಇಷ್ಟಿದೆಯಾ ಇವರಿಗೆ? ನನ್ನಲ್ಲಿ ಅಂಥದ್ದೇನು ಕಂಡರು? ಹೇಳಲು ನಾಚಿಕೆ, ಆದರೂ ಹೇಳಬೇಕು: ಅವನಿಗೆ ಒಳಗೊಳಗೇ ಖುಷಿಯೂ ಆಗಿತ್ತು.

ಮೂವತ್ತನೆಯ ದಿನ ತಡೆಯಲಾರದೆ ಗುರುಗಳ ಬಳಿ ಹೋದ. ಕೈಸನ್ನೆಯಲ್ಲೇ ಕೇಳಿದ. ಬೇಲಿ ತೋರಿಸಿದ, ತಲೆ ಮೇಲೆ ಬುಟ್ಟಿ ಹೊತ್ತ ಹಾಗೆ ಮಾಡಿದ, ಹಣೆಗೆ ಕೈ ಹಚ್ಚಿದ, ಯಾಕೆ ಎಂದು ಅಂಗೈ ತಿರುಗಿಸಿದ.

ಗುರುಗಳು ಅವನ ಎರಡೂ ಭುಜ ಹಿಡಿದರು. ಬೇಲಿಗೆ ಮುಖ ಮಾಡಿದ್ದವನನ್ನು ತಿರುಗಿಸಿ ಸಮುದ್ರದ ಕಡೆ ನಿಲ್ಲಿಸಿದರು. ಹೋಗಿ ಮಲಗಿದರು.

ಓಹೋ, ಅನಂತವನ್ನು ಧ್ಯಾನಿಸು ಅಂತಿದ್ದಾರೆ ಗುರುಗಳು ಎಂದುಕೊಂಡ ವಿಠೋಬ. ಅಂದಿನಿಂದ ಸಮುದ್ರಕ್ಕೆ ಮುಖ ಮಾಡಿ ಕೂತ.

ಅನಂತವೇನೂ ಕಾಣಲಿಲ್ಲ. ದೋಣಿ ಕಂಡವು.

ಎಡಗಡೆ ಅಳಿವೆ. ಹೊಳೆ ನೀರು ಸಮುದ್ರದ ನೀರಿಗೆ ಡಿಕ್ಕಿ ಹೊಡೆಯುವ ಬಾಯಿ ಅದು, ಸದಾ ನೊರೆ. ಬೆಳಗ್ಗೆ ಎಂಟು ದೋಣಿ ಆ ನೊರೆ ದಾಟಿ ಹೊರಗೆ ಹೋಗುತ್ತಿದ್ದವು. ಮಧ್ಯಾಹ್ನ ಎಂಟೂ ಒಳಗೆ ಬರುತ್ತಿದ್ದವು. ಏಳು ವರ್ಷ ಅದರ ಪಕ್ಕದಲ್ಲೇ ಇದ್ದು ವಿಠೋಬ ಒಂದು ದಿನವೂ ಅದನ್ನು ನೋಡಿರಲಿಲ್ಲ. ಈಗ ಒಂದೊಂದರ ಗುರುತೂ ಸಿಕ್ಕಿತು. ಒಂದರ ಹಾಯಿಗೆ ಕೆಂಪು ತೇಪೆ. ಒಂದು ಯಾವಾಗಲೂ ಬಲಕ್ಕೆ ವಾಲುತ್ತಿತ್ತು. ಒಂದರ ಮೂತಿಗೆ ಬಿಳಿ ಬಣ್ಣ. ಎಲ್ಲಕ್ಕಿಂತ ಸಣ್ಣದೊಂದು ಯಾವಾಗಲೂ ಕೊನೆಗೆ ಬರುತ್ತಿತ್ತು, ಅದರಲ್ಲಿ ಇಬ್ಬರೇ.

ಎದುರಿಗೆ ದೋಣಿ ಬರುವುದು ನೋಡಿದ. ಹಿಂದೆ ಹೆಂಗಸರು ನಿಲ್ಲುವುದು ಕೇಳಿದ. ಎರಡೂ ಒಂದೇ ಹೊತ್ತಿಗೆ. ಆದರೂ ಮಹಾಶಯನಿಗೆ ಹೊಳೆಯಲಿಲ್ಲ ನೋಡಿ. ತನ್ನ ಮುಖದ ಯೋಚನೆ ತಲೆ ತುಂಬ ಇದ್ದರೆ ಹೊಳೆಯುವುದಾದರೂ ಎಲ್ಲಿಂದ?

ನಲವತ್ತು ದಾಟಿತು. ನಲವತ್ತೈದು ದಾಟಿತು. ಮಂತ್ರ ಕೊಡುವಾಗ ಹೊದಿಸುವ ಕಾವಿ ಬಟ್ಟೆಯನ್ನು ಗುರುಗಳು ಒಗೆದು ಬಿಸಿಲಿಗೆ ಹರವಿದ್ದನ್ನು ವಿಠೋಬ ಕಂಡ. ಕಣ್ಣು ತುಂಬಿ ಬಂತು.

ನಲವತ್ತಾರನೆಯ ದಿನ ಬೆಳಗ್ಗೆ ಎಂಟು ದೋಣಿ ಹೋದವು. ಹೊತ್ತು ನೆತ್ತಿಗೆ ಬರುವ ಮೊದಲೇ ಪಡುವಣ ದಿಕ್ಕು ಕಪ್ಪಾಯಿತು. ಆ ಕಾಲದ ಗಾಳಿಯಲ್ಲ ಅದು. ಅಲೆ ದಿಬ್ಬದ ಬುಡಕ್ಕೆ ಬಂದು ಅಪ್ಪಳಿಸಿ, ದಂಡೆಯ ದಾರಿಗೆಲ್ಲ ನೀರು ನುಗ್ಗಿತು.

ಬೇಲಿಯ ಆಚೆ ಹೆಜ್ಜೆ ಸದ್ದು. ಒಬ್ಬಿಬ್ಬರದಲ್ಲ. ಬಂದರು, ನಿಂತರು. ಈ ಸಲ ಮುಂದೆ ಹೋಗಲಿಲ್ಲ.

ಯಾರೋ ಬೇಲಿಯ ಅಡ್ಡಪಟ್ಟಿಗೆ ಕಾಲು ಸಿಕ್ಕಿಸಲು ನೋಡಿದರು. ಜಾರಿ ಬಿದ್ದರು. ಇನ್ನೊಬ್ಬರು ಬುಟ್ಟಿ ಬೋರಲು ಹಾಕಿ ಹತ್ತಿದರು. ಬುಟ್ಟಿ ಮುರಿಯಿತು. ಎಂಥ ಅವಸ್ಥೆ, ಈ ಮಳೆಗಾಳಿಯಲ್ಲೂ ನನ್ನನ್ನು ನೋಡಲೇಬೇಕಾ ಇವರಿಗೆ ಎಂದು ವಿಠೋಬನಿಗೆ ಸಿಟ್ಟು ನೆತ್ತಿಗೇರಿತು.

ಆಗ ಒಂದು ಮುದಿ ದನಿ ಕೇಳಿತು.

"ಸ್ವಾಮಿ, ಒಳಗಿದ್ದೀರಾ? ನಾನು ಮಾಸ್ತಮ್ಮ. ಬೈಬೇಡಿ ಸ್ವಾಮಿ. ನಿಮಗೆ ಅಲ್ಲಿಂದ ಅಳಿವೆ ಕಾಣ್ತದಾ? ಎಷ್ಟು ದೋಣಿ ಬಂತು?"

ವಿಠೋಬ ಬೇಲಿಯ ಕಡೆಗೆ ತಿರುಗಿದ.

ಊರಿಗೆ ಹೋಗುವ ಆ ದಾರಿಯಲ್ಲಿ ಅಳಿವೆ ಕಾಣುವ ಜಾಗ ಅದೊಂದೇ. ದಿಬ್ಬದ ಮೇಲಿನ ಆ ನಲವತ್ತು ಹೆಜ್ಜೆ. ಏಳು ವರ್ಷ ಅವರು ಹಣೆಗೆ ಕೈ ಹಚ್ಚಿ ನೋಡಿದ್ದು ಅವನನ್ನಲ್ಲ. ಅವನ ಬೆನ್ನ ಹಿಂದಿನ ನೀರನ್ನು.

ಆದರೆ ನಾಚಿಕೆಪಡಲು ಅದು ಹೊತ್ತಲ್ಲ. ತಿರುಗಿ ಅಳಿವೆ ನೋಡಿದ. ಮಳೆಯ ಪರದೆಯಲ್ಲಿ ಲೆಕ್ಕ ಮಾಡಿದ. ಐದು ದಾಟಿ ಒಳಗೆ ಬಂದಿದ್ದವು.

ಬಾಯಿ ತೆರೆಯುವಂತಿಲ್ಲ. ಇನ್ನು ಎರಡೇ ದಿನ. ಕೈ ಆಡಿಸಬಹುದು ಎಂಬುದು ನೆನಪಾಯಿತು. ಬೇಲಿಯ ಹತ್ತಿರ ಓಡಿ ಐದು ಬೆರಳು ಎತ್ತಿ ತೋರಿಸಿದ.

ತೋರಿಸುವುದು ಯಾರಿಗೆ? ಎದುರಿಗೆ ಹಲಗೆ. ಸಂದಿಯಲ್ಲಿ ಇಣುಕಿದ. ಗಾಳಿ ದಾಟಿತು, ಕಣ್ಣು ದಾಟಲಿಲ್ಲ. ದಣಪೆಯೂ ಇಲ್ಲ. ಆಶ್ರಮದ ಬಾಗಿಲು ದಿಬ್ಬದ ಆ ತುದಿಗೆ. ಸುತ್ತಿ ಬರುವಷ್ಟರಲ್ಲಿ ಹೊತ್ತಾಗುತ್ತದೆ, ಬಂದರೆ ಅಳಿವೆ ಕಾಣುವುದಿಲ್ಲ. ಮೀನು ಬುಟ್ಟಿ ಹೊತ್ತವರು ಆಶ್ರಮದ ಒಳಗೆ ಬರುವ ಪದ್ಧತಿಯೂ ಇರಲಿಲ್ಲ.

ವಿಠೋಬ ತುದಿಗಾಲಲ್ಲಿ ನಿಂತು, ಕೈಯನ್ನು ಆದಷ್ಟು ಎತ್ತರಕ್ಕೆ ಚಾಚಿ, ಐದು ಬೆರಳು ಅಗಲಿಸಿದ.



"ಬೆರಳು ಕಾಣ್ತದೆ," ಎಂದಳು ಒಬ್ಬಳು. "ಎರಡು. ಎರಡೇ ಬಂದಿದ್ದಂತೆ."

ಬೇಲಿ ಅಷ್ಟು ಎತ್ತರ. ಎರಡು ಉದ್ದ ಬೆರಳ ತುದಿ ಮಾತ್ರ ಅದನ್ನು ದಾಟಿತ್ತು.

ಆಚೆ ಗೋಳು ಎದ್ದಿತು. ಅಂಥ ಅಳುವನ್ನು ವಿಠೋಬ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಒಬ್ಬಳು ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು. ಇನ್ನೊಬ್ಬಳು ಹಲಗೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಆ ಪೆಟ್ಟು ಅವನ ಅಂಗೈಗೆ ತಾಗುತ್ತಿತ್ತು.

"ಐದು," ಎಂದು ವಿಠೋಬ ಗಂಟಲು ಹರಿಯುವ ಹಾಗೆ ಕೂಗಿದ. "ಎರಡಲ್ಲ. ಐದು ಬಂದಿವೆ. ನಾನು ನೋಡಿದ್ದೇನೆ. ಐದು."

ಅಳು ನಿಂತಿತು.

"ಯಾವ ಯಾವುದು ಸ್ವಾಮಿ?"

ಹೆಸರು ಅವನಿಗೆ ಎಲ್ಲಿ ಗೊತ್ತು? ಗುರುತು ಗೊತ್ತಿತ್ತು.

"ಒಂದರ ಹಾಯಿಗೆ ಕೆಂಪು ತೇಪೆ."

"ನಮ್ಮದು," ಎಂದಳು ಒಬ್ಬಳು. ಅಲ್ಲೇ ಕುಸಿದು ಕೂತ ಸದ್ದು.

"ಬಲಕ್ಕೆ ವಾಲುವುದು ಬಂದಿದೆ. ಬಿಳಿ ಮೂತಿಯದ್ದು ಬಂದಿದೆ."

"ಸಣ್ಣದು ಬಂತಾ?" ಮಾಸ್ತಮ್ಮ ಕೇಳಿದಳು. "ಇಬ್ಬರು ಇರ್ತಾರೆ ಅದರಲ್ಲಿ. ನನ್ನ ಮಕ್ಕಳು."

ಬಂದಿರಲಿಲ್ಲ. ವಿಠೋಬ ಓಡಿಹೋಗಿ ಆಚಾರಿಯ ಕೊಡತಿ ತಂದ.

"ಹಿಂದೆ ಸರೀರಿ ಅಮ್ಮ. ಎಲ್ಲರೂ ಸರೀರಿ."

ಗೂಟಕ್ಕೆ ಎರಡು ಪೆಟ್ಟು. ಒಂದು ಹಲಗೆ ಬಿತ್ತು. ಇನ್ನೊಂದು ಬಿತ್ತು. ಗೂಟಗಳನ್ನು ಅಷ್ಟು ಆಸೆಯಿಂದ ಹೊಡೆದಿದ್ದವನು ಈಗ ಒಂದೊಂದನ್ನೂ ಹಲ್ಲು ಕಚ್ಚಿ ಉಚ್ಚಿಸಿದ. ಎಂಟು ಹಲಗೆ ಬಿದ್ದ ಮೇಲೆ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಆ ಬಾಯಲ್ಲಿ ನಿಂತರು. ಅವನನ್ನು ಒಬ್ಬರೂ ನೋಡಲಿಲ್ಲ.

ಆರನೆಯದು ಬಂತು. ಬಹಳ ಹೊತ್ತಿನ ಮೇಲೆ ಏಳನೆಯದೂ ಬಂತು.

ಮಾಸ್ತಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಅಷ್ಟು ದೂರದ್ದು ಅವಳಿಗೆ ಕಾಣದು. ವಿಠೋಬನ ಪಂಚೆಯ ಸೆರಗು ಹಿಡಿದುಕೊಂಡು ಅವನ ಪಕ್ಕದಲ್ಲೇ ನಿಂತಳು.

"ಬಂತಾ?"

"ಇಲ್ಲ ಅಮ್ಮ."

ಮಳೆ ಹೊಡೆಯುತ್ತಲೇ ಇತ್ತು.

"ಈಗ?"

"ಇಲ್ಲ. ನೋಡ್ತಾ ಇದ್ದೇನೆ. ಕಣ್ಣು ತೆಗೆದಿಲ್ಲ."

ಸುಮ್ಮನಿರಲು ಅವನಿಗೆ ಭಯವಾಯಿತು. ಸುಮ್ಮನಾದರೆ ಮುದುಕಿ ತನ್ನಷ್ಟಕ್ಕೆ ತಾನು ಏನು ಅಂದುಕೊಳ್ಳುತ್ತಾಳೋ. ಅದಕ್ಕೇ ಕಂಡದ್ದನ್ನೆಲ್ಲ ಹೇಳುತ್ತ ಹೋದ. ಈಗ ದೊಡ್ಡ ಅಲೆ. ಈಗ ನೊರೆ ಕಡಿಮೆ. ಈಗ ಒಂದು ಹಕ್ಕಿ, ದೋಣಿಯಲ್ಲ. ನಲವತ್ತಾರು ದಿನ ಕೂಡಿಟ್ಟ ಮಾತೆಲ್ಲ ಅಲ್ಲೇ ಖರ್ಚಾಯಿತು.

ಸಂಜೆಯಾಗುತ್ತಿತ್ತು. ನೊರೆಯ ಆಚೆ ಒಂದು ಕಪ್ಪು ಚುಕ್ಕೆ ಮೇಲೆದ್ದಿತು, ಮುಳುಗಿತು, ಮತ್ತೆ ಎದ್ದಿತು. ಹಾಯಿ ಇಲ್ಲ, ಕಂಬ ಮುರಿದಿದೆ. ಇಬ್ಬರು ಹುಟ್ಟು ಹಾಕುತ್ತಿದ್ದಾರೆ. ವಿಠೋಬ ಈಗ ಮಾತಾಡಲಿಲ್ಲ. ಅಲೆಯೊಂದು ಅದನ್ನು ಎತ್ತಿ ಹೊಳೆಯ ಒಳಕ್ಕೆ ಹಾಕುವವರೆಗೂ ಕಾದ.

"ಬಂತು ಅಮ್ಮ," ಎಂದ. "ಇಬ್ಬರೂ ಇದ್ದಾರೆ. ಎಂಟೂ ಬಂದವು."

ಮಾಸ್ತಮ್ಮ ಅವನ ಸೆರಗಿನಲ್ಲೇ ಮುಖ ಒರೆಸಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ವಿಠೋಬ ಮೆಲ್ಲಗೆ ಕೇಳಿದ. "ದಿನಾ ಇಲ್ಲಿ ನಿಂತು ನೀವು ನೋಡ್ತಿದ್ದದ್ದು ಅಳಿವೆಯನ್ನಾ?"

"ಮತ್ತೆ ನಿಮ್ಮನ್ನಾ?" ಎಂದಳು ಮಾಸ್ತಮ್ಮ. ಅವಳೇನೂ ತಮಾಷೆಗೆ ಹೇಳಲಿಲ್ಲ. "ನಿಮ್ಮಲ್ಲಿ ನೋಡುವಂಥದ್ದು ಎಂತ ಉಂಟು ಸ್ವಾಮಿ?"

"ಬೇಲಿ ಹಾಕುವಾಗ ಒಂದು ಮಾತು ಹೇಳಬಹುದಿತ್ತಲ್ಲ."

"ಮೊದಲು ನಿಮಗೆ ಸಿಟ್ಟು. ಆಮೇಲೆ ನಿಮಗೆ ಮೌನ. ಯಾವಾಗ ಹೇಳೂದು?"

ಹೆಂಗಸರು ದೋಣಿ ದಡ ಸೇರುವ ಕಡೆಗೆ ಓಡಿದರು. ಇಬ್ಬರು ಮಾಸ್ತಮ್ಮನನ್ನು ಕೈಹಿಡಿದು ಕರೆದೊಯ್ದರು.

ವಿಠೋಬ ಒದ್ದೆ ಬಟ್ಟೆಯಲ್ಲೇ ಗುರುಗಳ ಗುಡಿಸಲಿಗೆ ಹೋದ. ಗುರುಗಳು ಬಾಗಿಲಲ್ಲಿ ಕೂತಿದ್ದರು. ಪಕ್ಕದಲ್ಲಿ ಮಡಚಿಟ್ಟ ಕಾವಿ ಬಟ್ಟೆ. ಅದನ್ನು ಕಂಡದ್ದೇ ವಿಠೋಬನಿಗೆ ಅಳು ಬಂತು. ತಡೆಯಲೂ ಇಲ್ಲ.

"ವ್ರತ ಹೋಯಿತು ಗುರುಗಳೇ. ಎರಡೇ ದಿನ ಉಳಿದಿತ್ತು. ಮಾತಾಡಿಬಿಟ್ಟೆ. ಒಂದು ಸಲ ಅಲ್ಲ, ಮಧ್ಯಾಹ್ನದಿಂದ ಮಾತಾಡಿದ್ದೇ ಮಾತಾಡಿದ್ದು."

"ಹೂಂ."

"ಬೇಲಿಯೂ ಹೋಯಿತು. ಮೂರನೆಯದೇ ಕೊನೆಯದು ಅಂದಿದ್ದಿರಿ. ಇನ್ನು ಮಂತ್ರ ಕೇಳೋದಿಲ್ಲ. ಇಲ್ಲೇ ಇರ್ತೇನೆ. ಹಲಗೆ ಬಿದ್ದ ಜಾಗವನ್ನು ಹಾಗೇ ಬಿಡ್ತೇನೆ."

ಗುರುಗಳು ಕಾವಿ ಬಟ್ಟೆ ತೆಗೆದು ಅವನ ಕೈಗೆ ಕೊಟ್ಟರು. ವಿಠೋಬ ಅದರಿಂದ ತಲೆ ಒರೆಸಿಕೊಳ್ಳುವುದೋ ಹೊದೆಯುವುದೋ ತಿಳಿಯದೆ ಸುಮ್ಮನೆ ಹಿಡಿದು ನಿಂತ.

"ಕೊನೆಯ ದೋಣಿ ಬಂದಾಗ ಏನಂದೆ?"

"ಎಂಟೂ ಬಂದವು ಅಂದೆ."

"ಇಲ್ಲಿ ಬಾ. ಕೂತುಕೋ." ಗುರುಗಳು ಬಾಗಿ ತಮ್ಮ ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದರು. "ಇನ್ನೊಂದು ಸಲ ಹೇಳು. ಮೆಲ್ಲಗೆ."

ವಿಠೋಬ ಗುರುಗಳ ಕಿವಿಯಲ್ಲಿ ಹೇಳಿದ. "ಎಂಟೂ ಬಂದವು."

ಗುರುಗಳು ಕೈ ಮುಗಿದರು.

"ನನ್ನ ಗುರುಗಳು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟು ಚೆನ್ನಾಗಿರಲಿಲ್ಲ ಮಾರಾಯ."